ಒಂದಡಿ ತಗಡು

ಆ ವ್ಯಾನು ನನ್ನ ಶೆಡ್ಡಿಗೆ ಬಂದ ವರ್ಷ ನನಗೆ ಮೂವತ್ತೇಳು. ಶಿಡ್ಲಘಟ್ಟದಿಂದ ಚಿಂತಾಮಣಿಗೆ ಹೋಗುವ ರಸ್ತೆಯ ಬದಿಯಲ್ಲಿ, ಕಲ್ಲುಕಂಬಗಳ ಮೇಲೆ ಸಿಮೆಂಟ್ ಶೀಟು ಹೊದಿಸಿದ ಶೆಡ್ಡು. ಡಿಕ್ಕಿ ಹೊಡೆದು ನೆಗ್ಗಿದ ಗಾಡಿಗಳ ತಗಡನ್ನು ಬಡಿದು ನೆಟ್ಟಗೆ ಮಾಡುವುದು, ಹರಿದದ್ದನ್ನು ಬೆಸೆಯುವುದು, ಅದರ ಮೇಲೆ ಪುಟ್ಟಿ ಮೆತ್ತಿ, ಉಜ್ಜಿ, ಬಣ್ಣ ಹೊಡೆಯುವುದು. ಇದಕ್ಕೆ ನಮ್ಮಲ್ಲಿ ಟಿಂಕರಿಂಗ್ ಎನ್ನುತ್ತಾರೆ. ಅಣ್ಣ ಹಿಪ್ಪುನೇರಳೆ ತೋಟ ನೋಡಿಕೊಳ್ಳುತ್ತಿದ್ದ. ಜಮೀನಿರುವ ಮನೆಯವನು ಮಸಿ ಬಟ್ಟೆ ಹಾಕಿಕೊಂಡು ಸುತ್ತಿಗೆ ಹಿಡಿದಿದ್ದಾನೆ ಎಂದು ಅಪ್ಪ ಸಾಯುವ ತನಕ ಬೇಸರಪಟ್ಟುಕೊಂಡರು. ಅವರು ಹೇಳಿದ್ದೇ ಸರಿಯೇನೋ ಎಂದು ನನಗೂ ಅನ್ನಿಸುವಷ್ಟು ಆ ಹೊತ್ತಿಗೆ ದಣಿದಿದ್ದೆ. ಬಲಗೈ ಮೇಲೆತ್ತಿದರೆ ಭುಜದ ಕೀಲಿನೊಳಗೆ ಮರಳು ಉಜ್ಜಿದ ಹಾಗಾಗುತ್ತಿತ್ತು. ಬೆಳಿಗ್ಗೆ ತಲೆ ಬಾಚಿಕೊಳ್ಳುವುದನ್ನು ಎಡಗೈಗೆ ಅಭ್ಯಾಸ ಮಾಡಿಸಿದ್ದೆ.

ವ್ಯಾನು ತಂದವರು ಜಂಗಮಕೋಟೆಯ ಹತ್ತಿರದ ಹಳ್ಳಿಯೊಂದರ ರೈತರು. ನನಗಿಂತ ಹತ್ತು ವರ್ಷ ದೊಡ್ಡವರು. ಅವರ ಹೆಂಡತಿ ಎರಡು ವರ್ಷದ ಹಿಂದೆ ಹುಳುಮನೆಯಲ್ಲಿ ಮೇಲಿನ ತಟ್ಟೆಯ ರೇಷ್ಮೆಹುಳುಗಳಿಗೆ ಸೊಪ್ಪು ಹಾಕುವಾಗ ಏಣಿಯಿಂದ ಹಿಂದಕ್ಕೆ ಬಿದ್ದು ಬೆನ್ನುಮೂಳೆ ಮುರಿದುಕೊಂಡಿದ್ದರು. ಸೊಂಟದ ಕೆಳಗೆ ಸ್ವಾಧೀನ ಇರಲಿಲ್ಲ. ವಾರಕ್ಕೊಂದು ಸಲ ವ್ಯಾಯಾಮ ಮಾಡಿಸಲು ಅವರನ್ನು ಬೆಂಗಳೂರಿನ ಆಸ್ಪತ್ರೆಗೆ ಕರೆದೊಯ್ಯಬೇಕಿತ್ತು.

"ಹಿಂದ್ಗಡೆ ಸೀಟಲ್ಲಿ ಮಲಗಿಸ್ಕೊಂಡು ಹೋಗ್ತೀವಪ್ಪ, ಮೂಟೆ ಹಾಕ್ಕೊಂಡ್ ಹೋದಂಗೆ," ಎಂದರು ಆತ. "ಕುರ್ಚಿ ಸಮೇತ ಕೂತ್ಕೊಂಡು ಹೋಗ್ಬೇಕು ಅಂತಾಳೆ. ಗಾಲಿಕುರ್ಚಿ ಒಳಕ್ಕೆ ಹತ್ತಿಸಿದ್ರೆ ತಲೆ ಟಾಪಿಗೆ ತಗಲ್ತದೆ. ಟಾಪು ಎತ್ತರ ಮಾಡ್ಕೊಡು."

ಸೀಟಿನ ಕೆಳಗಿಂದ ಒಂದು ಹಿಪ್ಪುನೇರಳೆ ಕಡ್ಡಿ ತೆಗೆದು ಕೊಟ್ಟರು. ಅದರಲ್ಲಿ ಚಾಕುವಿನಿಂದ ಎರಡು ಗುರುತು ಮಾಡಿದ್ದರು. ಮೇಲಿನದು ಕುರ್ಚಿಯಲ್ಲಿ ಕೂತಾಗ ಆಕೆಯ ನೆತ್ತಿ. ಕೆಳಗಿನದು ಕಣ್ಣು.

"ಕಣ್ಣು ಬರೋ ಕಡೆ ಒಂದು ಕಿಟಕಿ ಇಕ್ಕಬೇಕಂತೆ," ಎಂದರು. ಗಾಡಿಯ ರೂಪ ಬದಲಾಯಿಸುವುದಕ್ಕೆ ಬೇಕಾದ ಕಾಗದಗಳನ್ನು ಅವರೇ ಓಡಾಡಿ ಮಾಡಿಸಿಕೊಂಡು ಬಂದಿದ್ದರು.

ಅಂಥ ಕೆಲಸ ನಾನು ಅಲ್ಲಿಯವರೆಗೆ ಮಾಡಿರಲಿಲ್ಲ. ಹೇಗೆ ಮಾಡಬೇಕೆಂಬುದು ತಿಳಿದಿತ್ತು. ಟಾಪು ಹೊತ್ತಿರುವ ಕಂಬಗಳನ್ನು ಕತ್ತರಿಸಬೇಕು, ಟಾಪನ್ನು ಮೇಲಕ್ಕೆತ್ತಿ ನಿಲ್ಲಿಸಬೇಕು, ನಡುವೆ ಸುತ್ತಲೂ ಒಂದಡಿ ಅಗಲದ ತಗಡು ಕೊಟ್ಟು ಮೇಲೂ ಕೆಳಗೂ ಬೆಸೆಯಬೇಕು. ಒಂದು ತಿಂಗಳಿನ ಕೆಲಸ. ಶೆಡ್ಡಿನ ಮುಂದೆ ಒಂದು ಲಾರಿಯ ಕ್ಯಾಬಿನ್ನೂ, ಬಾಗಿಲು ಕಿತ್ತುಹೋದ ಎರಡು ಜೀಪೂ ಕಾಯುತ್ತಿದ್ದವು. ಹನ್ನೊಂದು ದಿನದಲ್ಲಿ ಮುಗಿಸಿಬಿಟ್ಟೆ.

ತೆಳು ತಗಡಿಗೆ ಒಂದೇ ಸಮನೆ ಬೆಂಕಿ ಕೊಟ್ಟರೆ ಅದು ಹೆಂಚಿನ ಮೇಲಿಟ್ಟ ಹಪ್ಪಳದ ಹಾಗೆ ಸೊಟ್ಟಗಾಗುತ್ತದೆ. ಇಲ್ಲಿ ಒಂದು ಚುಕ್ಕೆ ಬೆಸೆದು, ಅದನ್ನು ಆರಲು ಬಿಟ್ಟು, ದೂರದಲ್ಲಿ ಇನ್ನೊಂದು ಚುಕ್ಕೆ ಬೆಸೆಯಬೇಕು. ಇದು ಕೆಲಸ ಕಲಿತ ಮೊದಲ ವರ್ಷವೇ ಕೈಗೆ ಬಂದ ವಿದ್ಯೆ. ಆದರೂ ನಾನು ಈ ಮೂಲೆಯಿಂದ ಆ ಮೂಲೆಗೆ ಒಂದೇ ಓಟದಲ್ಲಿ ಬೆಸೆದೆ. ತಗಡು ಅಲೆಅಲೆಯಾಗಿ ಉಬ್ಬಿತು. ಉಬ್ಬನ್ನು ಒಳಕ್ಕೆ ಬಡಿದೆ. ಬಡಿದ ಕಡೆ ಆದ ಗುಂಡಿಗಳನ್ನು ಬೆರಳು ದಪ್ಪ ಪುಟ್ಟಿಯಿಂದ ತುಂಬಿ, ಉಪ್ಪುಕಾಗದದಲ್ಲಿ ಉಜ್ಜಿ ಉಜ್ಜಿ ಗಾಜಿನ ಹಾಗೆ ಮಾಡಿದೆ. ಮೇಲೆ ಬಿಳಿ ಬಣ್ಣ. ಬಿಸಿಲಿಗೆ ನಿಲ್ಲಿಸಿದಾಗ ಹೊಸ ಗಾಡಿಯ ಹಾಗೆ ಹೊಳೆಯಿತು. ಆ ರೈತರು ಸುತ್ತ ಒಂದು ಸುತ್ತು ಬಂದು, "ಎಲ್ಲಿ ಸೇರ್ಸಿದ್ದೀಯ ಅಂತಾನೇ ಗೊತ್ತಾಗಲ್ವಲ್ಲಪ್ಪ," ಎಂದು ನನ್ನ ಬೆನ್ನು ತಟ್ಟಿದರು. ಒಳಗೊಳಗೇ ಹೆದರಿಕೆಯಿದ್ದರೂ ನಾನೂ ನಕ್ಕೆ.

ಒಂದು ತಿಂಗಳಿಗೆ ವ್ಯಾನು ವಾಪಸು ಬಂತು. ಕಿಟಕಿಯ ಮೂಲೆಯಿಂದ ಕೂದಲೆಳೆಯಂಥ ಗೆರೆ ಹೊರಟು ಕೆಳಗಿನ ಜೋಡಣೆಯವರೆಗೆ ಇಳಿದಿತ್ತು.

"ರಸ್ತೆ ಸರಿ ಇಲ್ಲಣ್ಣ," ಎಂದೆ. "ಗಾಡೀನೂ ಹಳೇದು. ಕೆಳಗಿನ ಫ್ರೇಮು ಸಡಿಲ ಆಗಿದೆ."

ಫ್ರೇಮು ಗಟ್ಟಿಯಾಗಿಯೇ ಇತ್ತು. ಬಿರುಕು ಬಿಟ್ಟ ಕಡೆ ಕೆರೆದು, ಮತ್ತೆ ಬೆಸೆದು, ಮತ್ತೆ ಪುಟ್ಟಿ ತುಂಬಿ ಕಳಿಸಿದೆ. ಬೇಸಿಗೆ ಕಳೆಯಿತು. ಮೊದಲ ಮಳೆ ಬಿದ್ದ ವಾರ ಮತ್ತೆ ಬಂದರು. ಈ ಸಲ ಬಿರುಕು ನಾಲ್ಕು ಕಡೆ. ಹಿಂದಿನ ಕಂಬದ ಹತ್ತಿರ ಪುಟ್ಟಿ ಹಕ್ಕಳೆಯಾಗಿ ಎದ್ದು, ಉಗುರು ಹಾಕಿದರೆ ಕೈಗೇ ಬರುತ್ತಿತ್ತು. ಆವತ್ತು ಆಸ್ಪತ್ರೆಯಿಂದ ಬರುವ ದಾರಿ, ಹಾಗಾಗಿ ಆಕೆಯೂ ಒಳಗಿದ್ದರು. ನಾನು ಅವರನ್ನು ಕಂಡಿದ್ದು ಅದೇ ಮೊದಲು. ತೆಳ್ಳಗಿನ ಮುಖ, ಬಿಗಿದು ಕಟ್ಟಿದ ತುರುಬು. ಬಿರುಕಿನಿಂದ ಇಳಿದ ನೀರಿಗೆ ಎಡಭುಜದ ಸೀರೆ ಒದ್ದೆಯಾಗಿತ್ತು. ತಲೆಯ ಮೇಲೆ ಒಂದು ಪ್ಲಾಸ್ಟಿಕ್ ಚೀಲ ಹೊದ್ದುಕೊಂಡು ಸುಮ್ಮನೆ ಕೂತಿದ್ದರು.

ಗಂಡ ರಸ್ತೆಯಲ್ಲೇ ಕೂಗಾಡಿದರು. "ಏನ್ ಕೆಲ್ಸನಯ್ಯ ಇದು? ಸಗಣಿ ಬಳಿದಂಗೆ ಬಳಿದಿದ್ದೀಯ! ಇನ್ನೆಷ್ಟು ಸಲ ಬರ್ಬೇಕು?"

ಆಕೆ ನನ್ನನ್ನು ಬೈಯಲಿಲ್ಲ. "ಮಳೆ ಜಾಸ್ತಿ ಆಗೋ ಮುಂಚೆ ಮನೆ ಸೇರ್ಕೊಳಣ ಬನ್ನಿ," ಎಂದಷ್ಟೇ ಗಂಡನಿಗೆ ಹೇಳಿದರು.

ಮನೆಗೆ ಹೋಗಿ ಉಣ್ಣದೆ ಕೂತೆ. ಹೆಂಡತಿ ಕಾರಣ ಕೇಳಿದಳು. ಹೇಳಿದೆ. "ಸಾಕ್ಮಾಡ್ರಿ ಈ ಕೆಲ್ಸ," ಎಂದಳು. "ಕೈ ನೋವು, ಮೈ ನೋವು, ಮೇಲೆ ಬೈಸ್ಕೊಳ್ಳೋದು. ನಿಮ್ಮಣ್ಣನ ಜೊತೆ ತೋಟಕ್ಕೆ ಹೋಗ್ರಿ." ಅವಳ ಮಾತಿನಲ್ಲಿ ಸಿಟ್ಟಿರಲಿಲ್ಲ, ಕರುಣೆಯಿತ್ತು. ಅದೇ ಹೆಚ್ಚು ಚುಚ್ಚಿತು.

ಈ ಕೆಲಸ ಸರಿಯಾಗಿ ಬಲ್ಲ ಒಬ್ಬರೇ ಒಬ್ಬರು ನನಗೆ ಗೊತ್ತಿದ್ದರು. ಚಿಂತಾಮಣಿಯಲ್ಲಿ ನನಗೆ ಕೆಲಸ ಕಲಿಸಿದ ಉಸ್ತಾದರು. ಎಂಟು ವರ್ಷದಿಂದ ಅವರ ಮುಖ ನೋಡಿರಲಿಲ್ಲ. ನಾನು ಮುಗಿಸಿಟ್ಟಿದ್ದ ಒಂದು ಕಾರಿನ ಬಾಗಿಲಿನ ಪುಟ್ಟಿಯನ್ನು ಅವರು ಗಿರಾಕಿಯ ಎದುರೇ ಉಳಿಯಿಂದ ಕೆತ್ತಿ ಕೆಡವಿ, "ಇದು ತಗಡಿನ ಕೆಲ್ಸ ಅಲ್ಲ, ಗಾರೆ ಕೆಲ್ಸ," ಎಂದಿದ್ದರು. ಬಣ್ಣ ಹೊಡೆದ ಮೇಲೆ ಒಳಗೇನಿದೆ ಅಂತ ಯಾರು ನೋಡುತ್ತಾರೆ ಎಂದು ನಾನು ತಿರುಗಿಬಿದ್ದೆ. ಸುತ್ತಿಗೆ ಅಲ್ಲೇ ಎಸೆದು ಬಂದು ಸ್ವಂತ ಶೆಡ್ಡು ಹಾಕಿದೆ. ಅವರ ಮಗಳ ಮದುವೆಗೆ ಹೇಳಿ ಕಳಿಸಿದ್ದರು. ಹೋಗಲಿಲ್ಲ.

ಮರುದಿನ ಬಸ್ಸು ಹತ್ತಿ ಚಿಂತಾಮಣಿಗೆ ಹೋದೆ. ಉಸ್ತಾದರು ಕೆಲಸ ಬಿಟ್ಟು ಮೂರು ವರ್ಷವಾಗಿತ್ತಂತೆ. ಮನೆಯ ಮುಂದಿನ ಜಗುಲಿಯಲ್ಲಿ ಕೂತಿದ್ದರು. ಟೀ ಲೋಟ ಹಿಡಿದ ಕೈ ನಡುಗುತ್ತಿತ್ತು. ನನ್ನನ್ನು ನೋಡಿ ಸ್ವಲ್ಪ ಹೊತ್ತು ಗುರುತು ಹತ್ತದವರಂತೆ ಕಣ್ಣು ಕಿರಿದು ಮಾಡಿ, ಆಮೇಲೆ ಒಳಗೆ ತಿರುಗಿ ಇನ್ನೊಂದು ಟೀ ಎಂದು ಉರ್ದುವಿನಲ್ಲಿ ಕೂಗಿದರು. ಹಳೆಯದನ್ನು ಎತ್ತಲಿಲ್ಲ. ನಾನು ವ್ಯಾನಿನ ವಿಷಯ ಹೇಳುತ್ತಾ ಹೋದೆ. ರಸ್ತೆ, ಹಳೆಯ ಗಾಡಿ ಎಂದೆಲ್ಲ ಅಲ್ಲಿಯೂ ಶುರು ಮಾಡಿದ್ದೆ. ಅವರು ಕೈ ಅಡ್ಡ ಹಿಡಿದರು.

"ಬೇಟಾ, ಎಲ್ಲಾ ಕಂಬ ಒಂದೇ ಎತ್ತರದಾಗೆ ಕಟ್ ಮಾಡಿದ್ಯಾ?"

"ಹೂಂ."

"ಕಿಟಕಿ ಮೂಲೆ ಚೌಕ ಬಿಟ್ಯಾ?"

"ಹೂಂ."

"ಪುಟ್ಟಿ ಎಷ್ಟು ದಪ್ಪ?"

ನಾನು ಬೆರಳು ತೋರಿಸಿದೆ. ಅವರು ನಗುತ್ತಾರೆಂದುಕೊಂಡೆ. ನಗಲಿಲ್ಲ. ಟೀ ಲೋಟ ಕೆಳಗಿಟ್ಟು, ಒಂದು ಬೆಂಕಿಪೊಟ್ಟಣವನ್ನು ನನ್ನ ಕೈಗೆ ಕೊಟ್ಟು ತಿರುಚು ಎಂದರು. ತಿರುಚಿದೆ. ಮೂಲೆಯಲ್ಲಿ ಹರಿಯಿತು.

"ಗಾಡಿ ಒಂದು ಚಕ್ರ ಗುಂಡಿಗೆ ಇಳಿದ್ರೆ ಬಾಡಿ ಪೂರಾ ಹಿಂಗೇ ತಿರುಚ್ತದೆ. ತಗಡು ತಿರುಚಿ ಮತ್ತೆ ವಾಪಸ್ ಬರ್ತದೆ, ಅದಕ್ಕೆ ಅಭ್ಯಾಸ. ಪುಟ್ಟಿಗೆ ಬರಲ್ಲ. ನೀನು ಎಲ್ಲಾ ಜಾಯಿಂಟು ಒಂದೇ ಗೆರೆಯಾಗೆ ಇಟ್ಟು ಆ ತಿರುಚೆಲ್ಲಾ ಅಲ್ಲೇ ಬರೋ ಹಂಗೆ ಮಾಡಿದ್ದೀಯ. ಪೂರಾ ಬಿಚ್ಚಬೇಕು. ಅರ್ಧ ಬಿಚ್ಚಿದ್ರೆ ಆಗಲ್ಲ." ಟೀ ಲೋಟ ಮತ್ತೆ ಕೈಗೆತ್ತಿಕೊಂಡು, "ಮೊದ್ಲು ಅವರಿಗೆ ಹೋಗಿ ಹೇಳು," ಎಂದರು.

ಅಲ್ಲಿಂದ ನೇರವಾಗಿ ಜಂಗಮಕೋಟೆಯ ಬಸ್ಸು ಹಿಡಿದೆ. ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಹೋದವನಿಗೆ ಅವರ ಅಂಗಳಕ್ಕೆ ಕಾಲಿಟ್ಟಾಗ ಒಂದೂ ನೆನಪಾಗಲಿಲ್ಲ. ಆಕೆ ಗಾಲಿಕುರ್ಚಿಯ ತೋಳುಗಳ ಮೇಲೆ ಹಲಗೆ ಅಡ್ಡ ಇಟ್ಟುಕೊಂಡು ಮರಿಹುಳುಗಳಿಗೆ ಸೊಪ್ಪು ಸಣ್ಣಗೆ ಹೆಚ್ಚುತ್ತಿದ್ದರು. ಗಂಡ ನನ್ನನ್ನು ಕಂಡು ಎದ್ದು ನಿಂತರು.

"ಅಣ್ಣ, ವ್ಯಾನು ಪೂರ್ತಿ ಬಿಚ್ಚಿ ಮೊದ್ಲಿಂದ ಮಾಡ್ಬೇಕು," ಎಂದೆ. "ತಪ್ಪು ನಂದೇ. ಫ್ರೇಮಿಗೇನೂ ಆಗಿಲ್ಲ. ಆವತ್ತು ನಾನು ಸುಳ್ಳು ಹೇಳ್ದೆ."

ಗಂಡನ ಮುಖ ಕೆಂಪಾಯಿತು. "ಏನ್ ಮನುಷ್ಯನಯ್ಯ ನೀನು..." ಎಂದು ಶುರು ಮಾಡಿದವರನ್ನು ಆಕೆ ಕೈಯೆತ್ತಿ ತಡೆದರು. ಚಾಕು ಹಲಗೆಯ ಮೇಲಿಟ್ಟು ಕೇಳಿದರು.

"ಮೊದಲ್ನೇ ಸಲ ಗಾಡಿ ಕೊಡುವಾಗ್ಲೇ ನಿಮಗೆ ಗೊತ್ತಿತ್ತಾ?"

"ಗೊತ್ತಿತ್ತಕ್ಕ. ಒಡೀತದೆ ಅಂತ ಅನುಮಾನ ಇತ್ತು."

ಆಕೆ ಹಲಗೆಯ ಮೇಲಿನ ಸೊಪ್ಪನ್ನು ಒಂದು ಕಡೆ ಸರಿಸಿದರು. ಆಮೇಲೆ ಹೇಳಿದರು: "ಎರಡು ವರ್ಷದಿಂದ ಎಲ್ಲಾರೂ ನಂಗೆ ಸುಳ್ಳೇ ಹೇಳ್ತಾರೆ ಕಣಣ್ಣ. ಮುಂದಿನ ಯುಗಾದಿಗೆ ಓಡಾಡ್ತೀಯ ಅಂತ ಬಂದೋರೆಲ್ಲಾ ಹೇಳ್ತಾರೆ. ಎರಡು ಯುಗಾದಿ ಆಯ್ತು. ಪಾಪ, ನೋವಾಗ್ಬಾರ್ದು ಅಂತ ಹೇಳ್ತಾರೆ. ಆದ್ರೆ ಗಾಡಿ ವಿಷ್ಯದಲ್ಲೂ ಸುಳ್ಳು ಹೇಳಿದ್ರೆ ನಾನು ಯಾವುದನ್ನ ನಂಬ್ಲಿ?"

ಆಕೆ ಚಾಕುವನ್ನು ಮತ್ತೆ ಕೈಗೆತ್ತಿಕೊಂಡರು.

"ಮಾಡಿ," ಎಂದರು. "ಆದ್ರೆ ಮಾಡೋ ತನಕ ವಾರವಾರ ನೀವೇ ನನ್ನ ಆಸ್ಪತ್ರೆಗೆ ಕರ್ಕೊಂಡು ಹೋಗ್ಬೇಕು. ಈಗ ಮರಿಹುಳ ಬಂದಿದೆ, ಇವ್ರು ಬಿಟ್ಟು ಬರಕ್ಕಾಗಲ್ಲ."

ಒಪ್ಪಿಕೊಂಡೆ. ನೆಂಟರೊಬ್ಬರ ಕಾರು ಕೇಳಿ ಪಡೆದೆ. ಹೀಗೆ ಐದು ವಾರ ಆಕೆಯನ್ನೂ ಆಕೆಯ ನಾದಿನಿಯನ್ನೂ ಕರೆದುಕೊಂಡು ವಿಜಯಪುರ, ದೇವನಹಳ್ಳಿ ದಾಟಿ ಬೆಂಗಳೂರಿಗೆ ಹೋಗಿ ಬಂದೆ. ನಾದಿನಿ ಮುಂದೆ ನನ್ನ ಪಕ್ಕ ಕೂರುತ್ತಿದ್ದರು. ಗಂಡ ಆಕೆಯನ್ನು ಎತ್ತಿ ಹಿಂದಿನ ಸೀಟಿನಲ್ಲಿ ಮಲಗಿಸಿ ಎರಡು ದಿಂಬು ಒತ್ತಾಗಿ ಇಡುತ್ತಿದ್ದರು. ಮೊದಲ ವಾರ ವಿಜಯಪುರ ಬಿಟ್ಟ ಮೇಲೆ ಹಿಂದಿನಿಂದ ಆಕೆಯ ದನಿ ಬಂತು.

"ಈಗ ಎಡಗಡೆ ದೊಡ್ಡ ಆಲದಮರ ಬಂತಲ್ವಾ?"

ಹೌದು ಎಂದೆ. ಹೇಗೆ ಗೊತ್ತಾಯಿತೆಂದು ಕೇಳಿದೆ.

"ಮಲ್ಕೊಂಡ್ರೆ ಮರದ ತಲೆ, ಕರೆಂಟ್ ತಂತಿ, ಇಷ್ಟೇ ಕಾಣೋದು. ಎರಡು ವರ್ಷದಲ್ಲಿ ದಾರಿಯೆಲ್ಲಾ ತಲೆಕೆಳಗಾಗಿ ಬಾಯಿಪಾಠ ಆಗಿದೆ." ಸ್ವಲ್ಪ ದೂರ ಹೋದ ಮೇಲೆ, "ಗುಂಡಿ ಬಂದ್ರೆ ಮುಂಚೇನೇ ಹೇಳಿ. ಸೀಟು ಹಿಡ್ಕೋತೀನಿ," ಎಂದರು.

ಆಮೇಲೆ ಗುಂಡಿ ಬಂದಾಗಲೆಲ್ಲ ಹೇಳುತ್ತಾ ಓಡಿಸಿದೆ. ಆ ರಸ್ತೆಯಲ್ಲಿ ಅಷ್ಟೊಂದು ಗುಂಡಿಗಳಿವೆ ಎಂದು ನನಗೆ ಗೊತ್ತೇ ಇರಲಿಲ್ಲ.

ಉಳಿದ ದಿನಗಳಲ್ಲಿ ವ್ಯಾನಿನ ಕೆಲಸ. ನಾನು ಕೇಳಿಕೊಂಡದ್ದಕ್ಕೆ ಉಸ್ತಾದರು ಚಿಂತಾಮಣಿಯಿಂದ ಬೆಳಗಿನ ಬಸ್ಸಿಗೆ ಬಂದು ಸ್ಟೂಲಿನ ಮೇಲೆ ಕೂರುತ್ತಿದ್ದರು. ಅವರ ಕೈ ಸುತ್ತಿಗೆ ಹಿಡಿಯುವ ಸ್ಥಿತಿಯಲ್ಲಿರಲಿಲ್ಲ. ಆದರೆ ಮೆತ್ತನೆ ಬಟ್ಟೆಯೊಂದನ್ನು ಅಂಗೈ ಕೆಳಗಿಟ್ಟು ತಗಡಿನ ಮೇಲೆ ಸವರಿ, ಕಣ್ಣಿಗೆ ಕಾಣದ ಉಬ್ಬನ್ನು ಹೇಳುತ್ತಿದ್ದರು. ನಡುಗುವ ಕೈ ತಗಡಿನ ಮೇಲಿಟ್ಟ ತಕ್ಷಣ ನಿಲ್ಲುತ್ತಿತ್ತು.

ಹಳೆಯ ಪಟ್ಟಿಯನ್ನೆಲ್ಲ ಕಿತ್ತು ಎಸೆದೆ. ಹೊಸ ತಗಡನ್ನು ಒಂದು ಕಂಬದ ಹತ್ತಿರ ಕೆಳಗೆ ಇಳಿಯುವ ಹಾಗೆ, ಇನ್ನೊಂದರ ಹತ್ತಿರ ಮೇಲಕ್ಕೆ ಏರುವ ಹಾಗೆ ಕತ್ತರಿಸಿದೆವು. ಎಲ್ಲ ಜೋಡಣೆಗಳೂ ಒಂದೇ ಗೆರೆಯಲ್ಲಿ ಬೀಳದಂತೆ. ಕಂಬಗಳು ಗಟ್ಟಿಯಾಗಿರಲೆಂದು ಒಳಗೆ ಇನ್ನೊಂದು ಕೊಳವೆ ತೂರಿಸಿದೆ. ಕಿಟಕಿಯ ಮೂಲೆಗಳನ್ನು ಟೀ ಲೋಟ ಬೋರಲು ಇಟ್ಟು ಗುಂಡಗೆ ಬರೆದು ಕತ್ತರಿಸಿದೆ. ಆಮೇಲೆ ಬೆಸುಗೆ. ಎಡಗಡೆ ಒಂದು ಚುಕ್ಕೆ, ಬಲಗಡೆ ಒಂದು ಚುಕ್ಕೆ. ಬೆಸೆದ ಚುಕ್ಕೆಯ ಹಿಂದೆ ಕಬ್ಬಿಣದ ಗಟ್ಟಿ ಒತ್ತು ಕೊಟ್ಟು ಮೇಲಿಂದ ಸಣ್ಣಗೆ ಬಡಿಯಬೇಕು. ಬೆಂಕಿಗೆ ಮುದುರಿಕೊಂಡ ತಗಡು ಆ ಪೆಟ್ಟಿಗೆ ಮತ್ತೆ ಹಿಗ್ಗುತ್ತದೆ. ಅಂಗೈ ಇಟ್ಟರೆ ಸುಡಬಾರದು, ಅಷ್ಟು ಆರುವವರೆಗೆ ಕಾಯಬೇಕು. ದಿನಕ್ಕೆ ಒಂದು ಮೊಳ ಜೋಡಣೆ ಆದರೆ ಹೆಚ್ಚು. ಬಡಿಯುವ ಕೈ ನೋಯುತ್ತಿತ್ತು. ಕಾಯುವುದು ಅದಕ್ಕಿಂತ ಕಷ್ಟವಾಗಿತ್ತು. ಕೂತರೆ ನಿದ್ದೆ ಎಳೆಯುತ್ತಿತ್ತು.

ಒಂದು ಮಧ್ಯಾಹ್ನ ತಾಳ್ಮೆ ಕೆಟ್ಟು ಸುತ್ತಿಗೆ ಕೆಳಗಿಟ್ಟೆ. "ನನ್ ಕೈಲಾಗಲ್ಲ ಉಸ್ತಾದ್. ಭುಜ ಬಿದ್ದೋಗ್ತಿದೆ."

"ಹಂಗಾದ್ರೆ ಇವತ್ತು ಬೇಡ. ನಾಳೆ ಮಾಡು," ಎಂದರು. "ಸುಸ್ತಾದಾಗ ಬಡಿದ ಪೆಟ್ಟು ಆಮೇಲೆ ಎಲ್ಲೋ ಒಂದು ಕಡೆ ಬಾಯಿ ಬಿಡ್ತದೆ." ರಸ್ತೆಯ ಕಡೆ ನೋಡುತ್ತಾ ಹೇಳಿದರು: "ಆವತ್ತು ಗಿರಾಕಿ ಮುಂದೆ ಹಂಗೆ ಮಾಡ್ಬಾರ್ದಿತ್ತು ನಾನು. ಒಳಗೆ ಕರೆದು ಹೇಳ್ಬೇಕಿತ್ತು."

"ನೀವು ಹೇಳಿದ್ದು ನಿಜಾನೇ ಅಲ್ವಾ?" ಎಂದೆ.

"ನಿಜಾನೇ," ಎಂದರು. ಇಬ್ಬರಿಗೂ ನಗು ಬಂತು. ಮದುವೆಗೆ ಬರದಿದ್ದದ್ದಕ್ಕೆ ಕ್ಷಮೆ ಕೇಳಿದೆ. ಮಗಳಿಗೆ ಈಗ ಇಬ್ಬರು ಮಕ್ಕಳು, ಮುಳಬಾಗಿಲಿನಲ್ಲಿದ್ದಾಳೆ ಎಂದು ಹೇಳಿದರು.

ಬೆಸುಗೆಯ ಗೆರೆಯ ಮೇಲೆ ಪುಟ್ಟಿಯ ಬದಲು ಸೀಸ ಬೆರೆತ ತವರವನ್ನು ಕರಗಿಸಿ, ಮರದ ಚಮಚೆಯಿಂದ ಬೆಣ್ಣೆಯ ಹಾಗೆ ಸವರಿದೆವು. ಅದು ತಗಡಿಗೆ ಅಂಟಿ ತಗಡಿನ ಜೊತೆಗೇ ಬಾಗುತ್ತದೆ. ಮೂಗಿಗೆ ಒದ್ದೆ ಬಟ್ಟೆ ಕಟ್ಟಿಕೊಂಡು ಮಾಡುವ ಆ ಕೆಲಸವನ್ನು ನಾನು ಅವರಿಂದ ಕಲಿಯದೆಯೇ ಬಿಟ್ಟು ಬಂದಿದ್ದೆ. ಪುಟ್ಟಿ ಬಳಿದದ್ದು ಕೊನೆಗೆ ಕಾಗದದಷ್ಟು ತೆಳ್ಳಗೆ.

ಬಣ್ಣಕ್ಕೆ ಮಾತ್ರ ಉಸ್ತಾದರು ಒಪ್ಪಲಿಲ್ಲ. "ಬರೀ ಪ್ರೈಮರ್ ಬಳಿದು ಕೆಟ್ಟ ರಸ್ತೆ ಮೇಲೆ ಓಡಿಸಿ ನೋಡು. ಒಡಿಯೋದಿದ್ರೆ ಈಗ್ಲೇ ಒಡೀಲಿ." ಇಟ್ಟಿಗೆ ಬಣ್ಣದ ಆ ವ್ಯಾನು ನೋಡಲು ಚೆನ್ನಾಗಿರಲಿಲ್ಲ. ವ್ಯಾನು ವಾಪಸು ಕೊಡುವ ಮುಂಚೆ ಆಕೆಯನ್ನೇ ಕೇಳಿದೆ, ಮೊದಲು ಎಲ್ಲಿಗೆ ಹೋಗಬೇಕು ಎಂದು.

"ಆಸ್ಪತ್ರೆ ಬಿಟ್ಟು ಎಲ್ಲಿಗಾದ್ರೂ," ಎಂದರು. ಆಮೇಲೆ ಯೋಚಿಸಿ ವಿದುರಾಶ್ವತ್ಥ ಎಂದರು. ಬೀಳುವ ಮುಂಚೆ ವರ್ಷಕ್ಕೊಂದು ಸಲ ಹೋಗುತ್ತಿದ್ದರಂತೆ.

ಒಂದು ಭಾನುವಾರ ಬೆಳಿಗ್ಗೆ ಹೊರಟೆವು. ಗಂಡ ವ್ಯಾನು ಓಡಿಸುತ್ತಿದ್ದರು, ಪಕ್ಕದಲ್ಲಿ ಉಸ್ತಾದರು. ಹಿಂದಿನ ಬಾಗಿಲಿನಿಂದ ಎರಡು ಹಲಗೆ ಇಳಿಬಿಟ್ಟು ಗಾಲಿಕುರ್ಚಿಯನ್ನು ಒಳಕ್ಕೆ ತಳ್ಳಿ ಬೆಲ್ಟಿನಿಂದ ಬಿಗಿದೆವು. ಆಕೆಯ ನೆತ್ತಿಗೂ ಟಾಪಿಗೂ ಒಂದು ಗೇಣು ಜಾಗವಿತ್ತು. ನಾನು ಕೆಳಗೆ ಗೋಣಿಚೀಲದ ಮೇಲೆ ಕೂತು, ಒಂದೊಂದು ಗುಂಡಿಗೂ ಒಂದೊಂದು ಜೋಡಣೆಗೆ ಕೈಯಿಟ್ಟು ನೋಡುತ್ತಿದ್ದೆ. ಚಿಕ್ಕಬಳ್ಳಾಪುರ ದಾಟಿ ಗೌರಿಬಿದನೂರಿನ ರಸ್ತೆಗೆ ತಿರುಗಿದ ಮೇಲೆ ಗಂಡ ಬೇಕೆಂದೇ ಒಂದು ಚಕ್ರವನ್ನು ರಸ್ತೆಯ ಅಂಚಿನಿಂದ ಕೆಳಗಿಳಿಸಿ ಓಡಿಸತೊಡಗಿದರು. ಕಂಬಗಳು ಕಿರ್ ಎಂದವು. ಎಲ್ಲ ಮೂಲೆಗಳನ್ನೂ ಮತ್ತೊಮ್ಮೆ ಸವರಿದೆ. ಬೆರಳಿಗೆ ಬಿರುಕು ಸಿಗಲಿಲ್ಲ.

ಆಕೆ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದರು. ದಾರಿಯಲ್ಲಿ ಒಬ್ಬ ಹೆಂಗಸು ತಲೆಯ ಮೇಲೆ ಹುಲ್ಲಿನ ಹೊರೆ ಹೊತ್ತು ಹೋಗುತ್ತಿದ್ದಳು. "ಅವಳ್ನ ನೋಡಿ, ಹೆಂಗ್ ನಡೀತಾಳೆ," ಎಂದರು. ಆ ದನಿಯಲ್ಲಿ ಸಂತೋಷವಿತ್ತೋ ಹೊಟ್ಟೆಕಿಚ್ಚಿತ್ತೋ ನನಗೆ ತಿಳಿಯಲಿಲ್ಲ. ಸ್ವಲ್ಪ ಹೊತ್ತಿಗೆ ಸೆರಗಿನಿಂದ ಕಣ್ಣೊರೆಸಿಕೊಂಡರು. ಮುಂದಿನಿಂದ ಉಸ್ತಾದರು ತೆಲುಗಿನಲ್ಲಿ, "ಏಮ್ಮಾ, ಗಾಲಿ ಬಾಗ ವಸ್ತೋಂದಾ?" ಎಂದು ಕೇಳಿದರು. "ಗಾಳಿ ಚೆನ್ನಾಗಿ ಬರ್ತಿದೆ ತಾತ," ಎಂದು ಆಕೆ ಕಿಟಕಿಗೆ ಮುಖ ಕೊಟ್ಟರು.

ವಿದುರಾಶ್ವತ್ಥದಲ್ಲಿ ನಾಗರಕಲ್ಲುಗಳ ಹತ್ತಿರ ಗಂಡಹೆಂಡತಿ ಪೂಜೆ ಮಾಡಿಸುವಷ್ಟು ಹೊತ್ತು ಉಸ್ತಾದರು ವ್ಯಾನಿನ ಸುತ್ತ ಬಂದು, ಬಟ್ಟೆ ಹಿಡಿದು ಎಲ್ಲ ಜೋಡಣೆಗಳನ್ನೂ ಸವರಿದರು. ಹಿಂದಿನ ಎಡಮೂಲೆಯಲ್ಲಿ ಎರಡು ಸಲ ಸವರಿದರು. ಬಟ್ಟೆ ಮಡಿಸಿ ಜೇಬಿಗೆ ಹಾಕಿಕೊಂಡರು.

"ಬಣ್ಣ ಹೊಡಿ," ಎಂದರು.

ಆಕೆ ಮುಂದೆಂದೂ ನಡೆಯಲಿಲ್ಲ. ಅದು ಮೊದಲೇ ಗೊತ್ತಿದ್ದ ವಿಷಯ. ಆದರೆ ಮರಿಹುಳು ಮಾರುವ ಮನೆಗೆ, ನೆಂಟರ ಊರಿಗೆ, ತಂಗಿಯ ಬಾಣಂತನಕ್ಕೆ ಎಂದು ಆ ವ್ಯಾನಿನಲ್ಲಿ ಓಡಾಡಿದರು. ನನಗೆ ತಿಳಿದಂತೆ ಆರು ವರ್ಷ ಅದು ಓಡಿತು. ಕೆಳಗೆ ತುಕ್ಕು ಹಿಡಿಯಿತು, ಬಾಗಿಲು ಜೋತುಬಿತ್ತು. ಜೋಡಣೆ ಒಡೆಯಲಿಲ್ಲ. ಉಸ್ತಾದರು ಮರುವರ್ಷ ತೀರಿಕೊಂಡರು. ಮಣ್ಣಿಗೆ ಹೋಗಿದ್ದೆ.

ಆ ವ್ಯಾನು ನೋಡಿ ಇನ್ನಿಬ್ಬರು ಟಾಪು ಎತ್ತರಿಸಿಕೊಡಿ ಎಂದು ಹುಡುಕಿಕೊಂಡು ಬಂದರು. ಒಬ್ಬರದನ್ನು ಎರಡು ತಿಂಗಳು ಹಿಡಿದು ಮಾಡಿದೆ. ಮುಗಿಯುವ ಹೊತ್ತಿಗೆ ಬಲಗೈಯಲ್ಲಿ ನೀರಿನ ತಂಬಿಗೆ ಎತ್ತುವುದೂ ಕಷ್ಟವಾಗಿತ್ತು. ಎರಡನೆಯವರು ಗೌರಿಬಿದನೂರಿನಿಂದ ಬಂದಿದ್ದರು. ಆಗಲ್ಲ ಎಂದೆ. ಎಷ್ಟು ದಿನ ಬೇಕಾದರೂ ತಗೊಳ್ಳಿ, ಯಾಕೆ ಆಗಲ್ಲ ಎಂದು ಕೇಳಿದರು.

"ಸುಸ್ತಾಗಿದೆ ಸ್ವಾಮಿ," ಎಂದೆ.

ನೆಪ ಹೇಳುತ್ತಿದ್ದೇನೆ ಎಂದುಕೊಂಡು ಅವರು ನಕ್ಕರು. ಟೀ ತರಿಸಿ ಕೊಟ್ಟೆ. ಕುಡಿದು ಹೋದರು.